ಅರಳುಮರಳಿನ ಮರ್ಮ

"ಅರವತ್ತಕ್ಕೆ ಅರಳುಮರಳು" ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ಇರಲಾರರು. ಆ ವಯಸ್ಸನ್ನು ನಾವೂ ಈಚೆಗೆ ಮುಟ್ಟಿದವರಾದುದರಿಂದ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವಾಗ ಮೊಮ್ಮಕ್ಕಳು ಈ ಗಾದೆಯನ್ನು ನಮ್ಮ ಮೇಲೆಯೇ ಪ್ರಯೋಗಿಸುವುದುಂಟು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಹೋದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯು, ಈ ಗಾದೆಯನ್ನು ನಂಬಿ ಕೈಕಟ್ಟಿ ಕುಳಿತರೆ ಎಂತಹ ಅನರ್ಥವಾದೀತೆಂಬುದನ್ನು ನಮಗೆ ತೋರಿಸಿಕೊಟ್ಟಿತು. ಮನೆಯ ಮಾತನ್ನು ಹೊರಗೆ ಹೇಳಿಕೊಳ್ಳುವುದಕ್ಕೆ ಸಂಕೋಚವುಂಟು. ತಪ್ಪು ನಮ್ಮದೇ ಆಗಿರುವುದರಿಂದ ಆ ಸಂಕೋಚವು ಇಮ್ಮಡಿಯಾದುದು. ಆದರೂ ವೃದ್ಧರಿರುವ ಪ್ರತಿಯೊಂದು ಮನೆಗೂ ಇದು ಸಂಬಂಧಿಸಿದ ವಿಷಯವಾದುದರಿಂದ ವಾಚಕರ ಮುಂದಿಡುತ್ತೇವೆ.

ನಮ್ಮ ಅಕ್ಕನವರು ಎಪ್ಪತ್ತಾರು ವರ್ಷದವರು. ಭಾವನವರು ತೀರಿಕೊಂಡ ಮೇಲೆ ಕಾರಟಗಿಯಲ್ಲಿ ನಮ್ಮೊಡನೆಯೇ ಇದ್ದಾರೆ. ಶಾಲೆಯ ಮೆಟ್ಟಿಲನ್ನು ಹತ್ತಿದವರಲ್ಲ. ಆದರೆ ಒಂದು ಕಾಲಕ್ಕೆ ಎಂಟು ಎಕರೆಯ ನೆಲ್ಲಿನ ಲೆಕ್ಕವನ್ನೂ ಆಳುಗಳ ಕೂಲಿಯ ಬಾಕಿಯನ್ನೂ ಬೆರಳ ಗೆಣ್ಣುಗಳಲ್ಲಿಯೇ ಹಿಡಿದಿಟ್ಟವರು. ಎರಡು ವರ್ಷಗಳಿಂದೀಚೆಗೆ ಅವರಿಗೆ ಮರೆವು ಹತ್ತಿತು. ಕೇಳಿದುದನ್ನೇ ಕೇಳುವರು, ಹಾಲನ್ನು ಒಲೆಯ ಮೇಲಿಟ್ಟು ಹೋಗಿಬಿಡುವರು, ಒಮ್ಮೆ ಗುಡಿಗೆ ಹೋದವರು ಮನೆಯ ದಾರಿ ತಿಳಿಯದೆ ಬಸ್ ನಿಲ್ದಾಣದಲ್ಲಿ ಕುಳಿತಿದ್ದರು. "ವಯಸ್ಸಾಯಿತು, ಇರಲಿ" ಎಂದು ನಾವು ಸುಮ್ಮನಿದ್ದೆವು. ನಮ್ಮ ಊರು ಅಕ್ಕಿ ಗಿರಣಿಗಳ ಊರು. ಸುಗ್ಗಿ ಬಂತೆಂದರೆ ಹೊಟ್ಟಿನ ಧೂಳು ಮನೆಮನೆಯನ್ನೂ ಹೊಗುವುದು. ಹೋದ ಸುಗ್ಗಿಯಲ್ಲಿ ಅಕ್ಕನವರಿಗೆ ನೆಗಡಿಯೂ ಮೈತುರಿಕೆಯೂ ಹತ್ತಿದಾಗ, ವೈದ್ಯರ ಚೀಟಿಯಿಲ್ಲದೆ ನಾವೇ ಔಷಧದ ಅಂಗಡಿಯೊಂದಕ್ಕೆ ಹೋಗಿ ಗುಳಿಗೆಗಳನ್ನು ತಂದೆವು. ದಿನಕ್ಕೆ ಮೂರರಂತೆ ಕೊಟ್ಟೆವು. ತುರಿಕೆಯು ನಿಂತಿತು.

ಎಂಟನೆಯ ದಿನ ರಾತ್ರಿ ಎರಡು ಗಂಟೆಗೆ ಸಪ್ಪಳ ಕೇಳಿ ಎದ್ದು ನೋಡುತ್ತೇವೆ: ಅಕ್ಕನವರು ಹಾಸಿಗೆಯ ಮೇಲೆ ಕುಳಿತು, ಗಾಳಿಯಲ್ಲಿ ಯಾವುದೋ ಕಾಣದ ನೂಲನ್ನು ಹಿಡಿದು ಎಳೆಯುತ್ತಿದ್ದಾರೆ! ಸತ್ತು ಹನ್ನೆರಡು ವರ್ಷವಾದ ಭಾವನವರಿಗೆ ಊಟಕ್ಕೆ ಬಡಿಸೆಂದು ನಮ್ಮ ಮನೆಯವರಿಗೆ ಹೇಳಿದರು. ನಮ್ಮ ಮುಖವನ್ನು ದಿಟ್ಟಿಸಿ, "ನೀ ಯಾರಪಾ?" ಎಂದು ಕೇಳಿದರು. ಅರವತ್ತು ವರ್ಷ ನಮ್ಮನ್ನು "ತಮ್ಮಾ" ಎಂದು ಕರೆದ ಬಾಯಿಂದ ಬಂದ ಆ ಮಾತು ನಮ್ಮ ಎದೆಗೆ ನಾಟಿತು. ನಾಲಿಗೆಯು ಕಟ್ಟಿಗೆಯಂತೆ ಒಣಗಿದ್ದಿತು; ಕಣ್ಣಿನ ಪಾಪೆಗಳು ಅಗಲವಾಗಿದ್ದುವು; ಹಗಲಿನಿಂದ ಮೂತ್ರವೂ ಹೋಗಿರಲಿಲ್ಲ. ಓಣಿಯ ಹಿರಿಯರೊಬ್ಬರು ಗಾಳಿ ಸೋಂಕಿದೆಯೆಂದರು. ಇನ್ನೊಬ್ಬರು ಗಾದೆಯನ್ನು ಹೇಳಿದರು.

ಬೆಳಗಾಗುತ್ತಲೇ ಗಂಗಾವತಿಯ ವೈದ್ಯರೊಬ್ಬರಲ್ಲಿಗೆ ಕರೆದೊಯ್ದೆವು. ಅವರು ನಾಡಿಯನ್ನು ನೋಡಿ, ಕಣ್ಣುಗಳನ್ನು ನೋಡಿ, ಮತ್ತೇನನ್ನೂ ಕೇಳದೆ, "ಮಾಸ್ತರೇ, ಮನೆಯಲ್ಲಿ ಇವರು ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಸಿ ತರಿಸಿರಿ" ಎಂದರು. ಮಗನು ಹೋಗಿ ತಂದನು. ಮೇಜಿನ ಮೇಲೆ ಸುರಿದು ನೋಡಲಾಗಿ ನಾಲ್ಕು ಬಗೆಯ ಗುಳಿಗೆಗಳಿದ್ದುವು: ರಕ್ತದೊತ್ತಡದ್ದು ಒಂದು, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯಲು ಬೇರೊಬ್ಬ ವೈದ್ಯರು ಬರೆದುಕೊಟ್ಟಿದ್ದು ಒಂದು, ಹೊಟ್ಟೆನುಲಿತಕ್ಕೆ ಮನೆಯಲ್ಲಿ ಇಟ್ಟಿದ್ದು ಒಂದು, ನಾವು ತಂದಿದ್ದ ತುರಿಕೆಯ ಗುಳಿಗೆ ಒಂದು. ವೈದ್ಯರು ಮೊದಲನೆಯದನ್ನು ಈಚೆಗಿಟ್ಟು, ಉಳಿದ ಮೂರನ್ನೂ ಆಚೆಗೆ ಸರಿಸಿ, "ನಿಮಗೆ ತಿಳಿಯದೆಯೇ ಅಕ್ಕನವರಿಗೆ ಮದಗುಣಿಕೆಯನ್ನು ತಿನ್ನಿಸಿದ ಹಾಗಾಗಿದೆ" ಎಂದುಬಿಟ್ಟರು.

ಮದಗುಣಿಕೆ! ಹೊಲದ ಬದುಗಳಲ್ಲಿ ತುತ್ತೂರಿಯಂತಹ ಬಿಳಿಯ ಹೂ ಬಿಟ್ಟು, ಮುಳ್ಳಿನ ಕಾಯಿ ಹಿಡಿಯುವ ಆ ಗಿಡವನ್ನು ಅರಿಯದ ಹಳ್ಳಿಗರಿಲ್ಲ. ದತ್ತೂರಿಯೆಂದೂ ಉಮ್ಮತ್ತಿಯೆಂದೂ ಅದಕ್ಕೆ ಹೆಸರುಂಟು. ಸಂಸ್ಕೃತದ ಧತ್ತೂರವೇ ದತ್ತೂರಿ; ಉನ್ಮತ್ತವೇ ಉಮ್ಮತ್ತಿ. ತಿಂದವನನ್ನು ಉನ್ಮತ್ತನನ್ನಾಗಿ ಮಾಡುವುದರಿಂದ ಗಿಡಕ್ಕೇ ಆ ಹೆಸರು ಬಂದಿತು. ಬಂಗಾರಕ್ಕಿರುವ ಕನಕವೆಂಬ ಹೆಸರೂ ಅದಕ್ಕುಂಟು. ಬಾಯಿ ಒಣಗುವುದು, ಪಾಪೆ ಹಿಗ್ಗುವುದು, ಮೂತ್ರ ಕಟ್ಟುವುದು, ಇಲ್ಲದುದನ್ನು ಕಾಣುವುದು, ಗಾಳಿಯಲ್ಲಿ ನೂಲೆಳೆಯುವುದು, ಆಮೇಲೆ ಆ ರಾತ್ರಿಯ ನೆನಪೇ ಇಲ್ಲದಿರುವುದು—ಇವೆಲ್ಲ ದತ್ತೂರಿ ತಿಂದವರ ಲಕ್ಷಣಗಳು. ಹೆಸರನ್ನು ವ್ಯುತ್ಪತ್ತಿಸಹಿತ ಮಕ್ಕಳಿಗೆ ಮೂವತ್ತು ವರ್ಷ ಪಾಠಮಾಡಿದ ನಮಗೆ, ಲಕ್ಷಣಗಳು ಕಣ್ಣೆದುರಿಗೇ ಇದ್ದಾಗ ಗುರುತು ಹತ್ತಲಿಲ್ಲ.

ದತ್ತೂರಿಗೂ ನೆಗಡಿಯ ಗುಳಿಗೆಗೂ ಏನು ನಂಟು? ಅದನ್ನು ತಿಳಿಯಬೇಕಾದರೆ ಮೆದುಳಿನೊಳಗಿನ ಒಂದು ರಸದ ಕಥೆಯನ್ನು ಕೇಳಬೇಕು.

ನಮ್ಮ ಹಳೆಯ ಪಾಠಪುಸ್ತಕಗಳಲ್ಲಿ ನರಗಳನ್ನು ಮಜ್ಜಾತಂತುಗಳೆಂದು ಕರೆದು, ತಂತಿಯಲ್ಲಿ ವಿದ್ಯುತ್ತು ಹರಿಯುವಂತೆ ಅವುಗಳಲ್ಲಿ ಸುದ್ದಿಯು ಹರಿಯುವುದೆಂದು ಬರೆಯುತ್ತಿದ್ದರು. ಅದು ಅರ್ಧ ಸತ್ಯ. ಒಂದು ನರವು ಮುಗಿದು ಇನ್ನೊಂದು ತೊಡಗುವಲ್ಲಿ ಕೂದಲೆಳೆಗಿಂತಲೂ ಎಷ್ಟೋ ಕಿರಿದಾದ ಒಂದು ಸಂದು ಇರುವುದು. ವಿದ್ಯುತ್ತು ಅಲ್ಲಿಗೆ ಬಂದು ನಿಲ್ಲುವುದು. ಆಗ ನರದ ತುದಿಯು ಒಂದು ರಸದ ಕಣಗಳನ್ನು ಆ ಸಂದಿನೊಳಕ್ಕೆ ಚೆಲ್ಲುವುದು. ಆಚೆಯ ದಡದಲ್ಲಿ ಅದಕ್ಕೆಂದೇ ಬೀಗಗಳು ಕಾದಿರುವುವು. ರಸವು ಕೀಲಿಕೈಯಂತೆ ಬೀಗದಲ್ಲಿ ಕುಳಿತಾಗ ಸುದ್ದಿಯು ಮುಂದೆ ಸಾಗುವುದು. ಇಂತಹ ರಸಗಳು ಅನೇಕ. ಅವುಗಳಲ್ಲಿ ಮೊಟ್ಟಮೊದಲು ಮನುಷ್ಯನ ಕೈಗೆ ಸಿಕ್ಕಿದುದು ಅಸಿಟೈಲ್‌ಕೋಲಿನ್ ಎಂಬುದು. ಹೆಸರು ನಾಲಿಗೆಗೆ ತೊಡಕಾದುದು; ನಾವು ಇದನ್ನು ಸಂದೇಶರಸವೆಂದು ಕರೆಯೋಣ.

ಅದು ಸಿಕ್ಕಿದ ಬಗೆಯು ಸೊಗಸಾಗಿದೆ. ಆಸ್ಟ್ರಿಯದ ಗ್ರಾತ್ಸ್ ನಗರದಲ್ಲಿ ಆಟೋ ಲೋವಿಯೆಂಬ ಪಂಡಿತನಿದ್ದನು. ಈಸ್ಟರ್ ಹಬ್ಬದ ಸಮಯದ ಒಂದು ರಾತ್ರಿ ಅವನಿಗೆ ಕನಸಿನಲ್ಲಿ ಒಂದು ಪ್ರಯೋಗವು ಹೊಳೆಯಿತು. ನಿದ್ದೆಗಣ್ಣಿನಲ್ಲಿಯೇ ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದನು. ಬೆಳಿಗ್ಗೆ ನೋಡಿದರೆ ತಾನು ಬರೆದುದು ತನಗೇ ಓದಲಾಗದು, ಕನಸೂ ಮರೆತುಹೋಗಿದೆ! ದಿನವೆಲ್ಲ ಒದ್ದಾಡಿದನು. ಅವನ ಪುಣ್ಯ, ಮರುರಾತ್ರಿ ಅದೇ ಕನಸು ಮತ್ತೆ ಬಂದಿತು. ಈ ಸಲ ಚೀಟಿಯನ್ನು ನಂಬದೆ ನೆಟ್ಟಗೆ ಪ್ರಯೋಗಶಾಲೆಗೆ ನಡೆದನು. ಎರಡು ಕಪ್ಪೆಗಳ ಹೃದಯಗಳನ್ನು ತೆಗೆದು ಉಪ್ಪುನೀರಿನಲ್ಲಿಟ್ಟು, ಒಂದಕ್ಕೆ ಹತ್ತಿದ ನರವನ್ನು ಕೆರಳಿಸಿದಾಗ ಅದರ ಬಡಿತವು ನಿಧಾನವಾಯಿತು. ಆ ಹೃದಯವು ಮಿಂದ ನೀರನ್ನು ತೆಗೆದು, ನರವೇ ಇಲ್ಲದ ಎರಡನೆಯ ಹೃದಯದ ಮೇಲೆ ಹಾಕಲು, ಅದೂ ನಿಧಾನವಾಯಿತು. ಅಂದರೆ ನರವು ನೀರಿನೊಳಕ್ಕೆ ಏನನ್ನೋ ಬಿಟ್ಟಿರಬೇಕು. ಇದು ನಡೆದುದು ೧೯೨೧ರ ಹೊತ್ತಿಗೆ. ಇಂಗ್ಲೆಂಡಿನ ಹೆನ್ರಿ ಡೇಲ್ ಎಂಬವನು ೧೯೧೪ರಲ್ಲಿಯೇ ಪರೀಕ್ಷಿಸಿ ಗುಣಗಳನ್ನು ಬರೆದಿಟ್ಟಿದ್ದ ವಸ್ತುವೇ ಅದೆಂದು ಮುಂದೆ ಗೊತ್ತಾಯಿತು. ಇಬ್ಬರಿಗೂ ಸೇರಿ ೧೯೩೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಈ ರಸವು ದೇಹದಲ್ಲಿ ಮಾಡುವ ಕೆಲಸವನ್ನು ಹೇಳುತ್ತ ಹೋದರೆ ಮುಗಿಯದು. ನಾವು ಕೈಯೆತ್ತಿದರೆ ಸ್ನಾಯುವಿಗೆ ಅಪ್ಪಣೆಯನ್ನು ಮುಟ್ಟಿಸುವುದು ಇದು. ಬಾಯಲ್ಲಿ ಜೊಲ್ಲನ್ನೂ ಹೊಟ್ಟೆಯಲ್ಲಿ ಜೀರ್ಣರಸವನ್ನೂ ಹೊರಡಿಸುವುದು, ಕರುಳನ್ನು ನಡೆಸುವುದು, ಮೂತ್ರಕೋಶವನ್ನು ಹಿಂಡುವುದು, ಕಣ್ಣುಪಾಪೆಯನ್ನು ಕಿರಿದಾಗಿಸುವುದು, ಹೃದಯವನ್ನು ತಣಿಸುವುದು ಇದು. ಇನ್ನು ಮೆದುಳಿನಲ್ಲಿ, ಮುಂಭಾಗದ ತಳದಲ್ಲಿ ನರಕಣಗಳ ಒಂದು ಸಣ್ಣ ಗುಂಪಿದೆ. ವಿಯೆನ್ನಾದ ಮೇನರ್ಟ್ ಎಂಬ ವೈದ್ಯನ ಹೆಸರಿನಿಂದ ಅದನ್ನು ಕರೆಯುವರು. ನಮ್ಮ ಎಡದಂಡೆಯ ಕಾಲುವೆಯು ಒಂದು ತೂಬಿನಿಂದ ಹೊರಟು ಉಪಕಾಲುವೆ, ಹೊಲಗಾಲುವೆಗಳಾಗಿ ಒಡೆದು ಗದ್ದೆಗದ್ದೆಗೂ ಹೋಗುವಂತೆ, ಆ ಗುಂಪಿನಿಂದ ಎಳೆಗಳು ಹೊರಟು ಮೆದುಳಿನ ಮೇಲ್ಪದರವೆಲ್ಲಕ್ಕೂ ಈ ರಸವನ್ನು ಒಯ್ಯುವುವು. ಲಕ್ಷ್ಯವಿಟ್ಟು ಕೇಳುವುದು, ಹೊಸದನ್ನು ಮನಸ್ಸಿನಲ್ಲಿ ಊರಿಸಿಕೊಳ್ಳುವುದು, ಇವಕ್ಕೆಲ್ಲ ಆ ನೀರು ಬೇಕು.

ದತ್ತೂರಿಯಲ್ಲಿರುವ ಅಟ್ರೊಪಿನ್ ಮತ್ತು ಸ್ಕೊಪೊಲಮಿನ್ ಎಂಬ ಸತ್ವಗಳು ಈ ರಸದ ಬೀಗಗಳಲ್ಲಿ ಹೋಗಿ ಕುಳಿತುಕೊಳ್ಳುವುವು; ತೆರೆಯುವುದಿಲ್ಲ, ತೆರೆಯಬಲ್ಲ ಕೀಲಿಕೈಗೆ ಎಡೆಯನ್ನೂ ಬಿಡುವುದಿಲ್ಲ. ಬಾಯಿ ಒಣಗುವುದೂ ಮೂತ್ರ ಕಟ್ಟುವುದೂ ಮತಿ ಕೆಡುವುದೂ ಇದರಿಂದಲೇ. ಅಮೆರಿಕದಲ್ಲಿ ಡ್ರಾಕ್ಮನ್ ಮತ್ತು ಲೆವಿಟ್ ಎಂಬವರು ಆರೋಗ್ಯವಂತರಾದ ತರುಣರಿಗೆ ಅಲ್ಪ ಪ್ರಮಾಣದಲ್ಲಿ ಸ್ಕೊಪೊಲಮಿನ್ ಕೊಟ್ಟು ಪರೀಕ್ಷಿಸಿ, ಅವರ ಸ್ಮರಣಶಕ್ತಿಯು ಅಷ್ಟು ಹೊತ್ತು ಮುದುಕರ ಸ್ಮರಣಶಕ್ತಿಯನ್ನೇ ಹೋಲುವುದೆಂದು ೧೯೭೪ರಲ್ಲಿ ಪ್ರಕಟಿಸಿದರು. ತುರಿಕೆಯ ಹಳೆಯ ಗುಳಿಗೆಗಳು, ಹೊಟ್ಟೆನುಲಿತದ ಕೆಲವು ಗುಳಿಗೆಗಳು, ಮೂತ್ರವನ್ನು ಹಿಡಿದಿಡುವ ಕೆಲವು ಗುಳಿಗೆಗಳು, ಇವೂ ತಮ್ಮ ತಮ್ಮ ಕೆಲಸದ ಜೊತೆಗೆ ಈ ಬೀಗಗಳನ್ನೇ ಮುಚ್ಚುವುವು. ಒಂದೊಂದಾಗಿ ಬಂದರೆ ಗಟ್ಟಿ ಮೆದುಳು ತಾಳಿಕೊಂಡೀತು. ಮೂರೂ ಕೂಡಿ ಸವೆದ ಮೆದುಳಿನ ಮೇಲೆ ಬಿದ್ದರೆ ಅಂದಿನ ರಾತ್ರಿಯೇ ಸರಿ.

ವೈದ್ಯರು ಮೂರನ್ನೂ ನಿಲ್ಲಿಸಿದರು. ಐದನೆಯ ದಿನ ಸಂಜೆ ಅಕ್ಕನವರು ನಮ್ಮನ್ನು ನೋಡಿ, "ತಮ್ಮಾ, ಸೊರಗಿದಂಗ ಕಾಣಸ್ತೀಯಲ್ಲೋ" ಎಂದರು. ನಮಗೆ ಅಷ್ಟೇ ಸಾಕಾಯಿತು.

ಆದರೆ ಹಳೆಯ ಮರೆವು ಉಳಿದೇ ಇದ್ದಿತು. ಅದು ನಮ್ಮ ಗುಳಿಗೆಗಿಂತಲೂ ಮೊದಲಿನದು. ವೈದ್ಯರು ರಕ್ತದಲ್ಲಿ ಥೈರಾಯಿಡ್ ಅಂಶವನ್ನೂ ಬಿ-೧೨ ಎಂಬ ಜೀವಸತ್ವವನ್ನೂ ನೋಡಿಸಿದರು; ಇವು ಕಡಮೆಯಾದರೂ ಮರೆವುಂಟಾಗುವುದೆಂದೂ, ತುಂಬಿಕೊಟ್ಟರೆ ಎಷ್ಟೋ ಸಲ ಗುಣವಾಗುವುದೆಂದೂ ಹೇಳಿದರು. ಅಕ್ಕನವರಲ್ಲಿ ಅವು ಸರಿಯಾಗಿಯೇ ಇದ್ದುವು. ಆಗ ನರರೋಗಗಳ ತಜ್ಞರೊಬ್ಬರ ಬಳಿಗೆ ಕಳುಹಿಸಿದರು. ಅವರು ಅಕ್ಕನವರನ್ನು ಎದುರಿಗೆ ಕೂರಿಸಿಕೊಂಡು, ಇದು ಯಾವ ತಿಂಗಳು, ಮೊನ್ನೆ ಯಾವ ಹಬ್ಬವಾಯಿತು, ನೂರು ರೂಪಾಯಿಯಲ್ಲಿ ಮೂವತ್ತೈದರ ಬೆಲ್ಲ ತಂದರೆ ಉಳಿದುದೆಷ್ಟು ಎಂದು ಕೇಳಿದರು. ನಮಗೆ ಹಿಂದಿನ ಚಟ ಬಿಡದು. ಉತ್ತರವನ್ನು ತುಟಿಯಲ್ಲಿ ಆಡಿಸಿ ತೋರಿಸಿದೆವು. "ಮಾಸ್ತರೇ, ಪರೀಕ್ಷೆಯ ಕೋಣೆಯಲ್ಲಿ ಇದು ಸಲ್ಲದು" ಎಂದು ಅವರು ನಮ್ಮನ್ನು ಹೊರಗೆ ಕಳುಹಿಸಿದರು. ನ್ಯಾಯವಾದ ಶಿಕ್ಷೆ. ಓದುಬರಹ ಬಾರದವರಿಗೂ ಹೊಂದುವಂತಹ ಪ್ರಶ್ನೆಗಳನ್ನು ಕನ್ನಡದಲ್ಲಿಯೂ ಸಿದ್ಧಪಡಿಸಿದ್ದಾರೆಂದು ಆಮೇಲೆ ತಿಳಿಯಿತು. ಕೊನೆಗೆ ಅವರು ಹೇಳಿದ ಹೆಸರು ಆಲ್ಜೈಮರ್ ರೋಗ.

ಆಲೋಯಿಸ್ ಆಲ್ಜೈಮರ್ ಜರ್ಮನಿಯ ವೈದ್ಯನು. ೧೯೦೧ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಐವತ್ತೊಂದು ವರ್ಷದ ಹೆಂಗಸೊಬ್ಬಳನ್ನು ಕರೆತಂದರು. ಅವಳಿಗೆ ಆಗತಾನೆ ತೋರಿಸಿದ ವಸ್ತುವೂ ನೆನಪಿರುತ್ತಿರಲಿಲ್ಲ. ೧೯೦೬ರಲ್ಲಿ ಅವಳು ತೀರಿಕೊಂಡ ಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ನರಕಣಗಳ ನಡುವೆ ಕಲೆಗಳೂ, ಒಳಗೆ ಸಿಕ್ಕುಬಿದ್ದ ಎಳೆಗಳೂ ಕಂಡುವು. ಇದು ವಯೋಧರ್ಮವಲ್ಲ, ರೋಗವೆಂಬುದು ಹೀಗೆ ತಿಳಿಯಬಂದಿತು. ಆದರೆ ನೆನಪೇ ಏಕೆ ಮೊದಲು ಹೋಗಬೇಕೆಂಬುದಕ್ಕೆ ಉತ್ತರವು ಬಹುಕಾಲ ಸಿಕ್ಕಲಿಲ್ಲ. ೧೯೭೬ರಲ್ಲಿ ಎಡಿನ್‌ಬರೋ ನಗರದ ಡೇವಿಸ್ ಮತ್ತು ಮಲೋನಿ ಎಂಬವರು ಈ ರೋಗದಿಂದ ಸತ್ತವರ ಮೆದುಳುಗಳನ್ನು ಪರೀಕ್ಷಿಸಿ, ಸಂದೇಶರಸವನ್ನು ತಯಾರಿಸುವ ಕಿಣ್ವವು ಅವುಗಳಲ್ಲಿ ಬಹಳ ಇಳಿದುಹೋಗಿರುವುದನ್ನು ಕಂಡರು. (ಕಿಣ್ವವೆಂದರೆ ಸಂಸ್ಕೃತದಲ್ಲಿ ಮದ್ಯವನ್ನು ಹುಳಿಸುವ ಹೆಪ್ಪು, ಒಂದು ವಸ್ತುವನ್ನು ಬೇಗನೆ ಇನ್ನೊಂದಾಗಿಸುವ ಅಂಶಕ್ಕೆ ಈಗ ಆ ಹೆಸರನ್ನಿಟ್ಟಿದ್ದಾರೆ. ಒಪ್ಪತಕ್ಕ ಹೆಸರೇ.) ಐದಾರು ವರ್ಷಗಳಲ್ಲಿ ಅಮೆರಿಕದ ಬಾಲ್ಟಿಮೋರಿನ ಪಂಡಿತರು ಮೇನರ್ಟನ ಆ ಗುಂಪಿನ ನರಕಣಗಳೇ ಈ ರೋಗದಲ್ಲಿ ಅಪಾರವಾಗಿ ಸತ್ತಿರುವುದನ್ನು ತೋರಿಸಿಕೊಟ್ಟರು. ತೂಬೇ ಕುಸಿದ ಮೇಲೆ ಕೊನೆಯಂಚಿನ ಗದ್ದೆಗೆ ನೀರೆಲ್ಲಿಯದು?

ರಸವು ಕಡಮೆಯಾಗುವುದೊಂದೇ ಈ ರೋಗವಲ್ಲ. ಆ ಕಲೆಗಳದೂ ಸಿಕ್ಕುಗಳದೂ ಬೇರೆಯೇ ಕಥೆಯುಂಟು. ಆದರೆ ಕೈಗೆ ಮೊದಲು ಎಟುಕಿದುದು ರಸದ ಕೊರತೆಯೇ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಿಂದ ಮೆದುಳಿನ ಭಂಡಾರವೊಂದಿದೆ. ಸತ್ತವರ ಮನೆಯವರು ದಾನವಾಗಿ ಕೊಟ್ಟ ಮೆದುಳುಗಳನ್ನು ಅಲ್ಲಿ ಸಂಶೋಧನೆಗಾಗಿ ಕಾಪಾಡಿಡುವರು. ಜೊತೆಗೊಂದು ವಸ್ತುಸಂಗ್ರಹಾಲಯವೂ ಉಂಟು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಒಯ್ದಾಗ ನಾವು ಅಲ್ಲಿ ನಿಜವಾದ ಮೆದುಳನ್ನು ಅಂಗೈಯಲ್ಲಿ ಹಿಡಿದು ನೋಡಿದ್ದೇವೆ. ಒಂದೂವರೆ ಕಿಲೋ ಕೂಡ ಇಲ್ಲದ ವಸ್ತು. ಹುಡುಗರು ಅಂದು ಮಾತಾಡಲಿಲ್ಲ.

ತಜ್ಞರು ಅಕ್ಕನವರಿಗೆ ಡೊನೆಪೆಜಿಲ್ ಎಂಬ ಗುಳಿಗೆಯನ್ನು ರಾತ್ರಿ ಒಂದರಂತೆ ಬರೆದುಕೊಟ್ಟರು. ಅದು ಏನು ಮಾಡುವುದೆಂದು ಕೇಳಿದೆವು. ಅವರು ಕೊಟ್ಟ ಉತ್ತರವನ್ನು ಕೇಳಿ ನಾವು ಕುರ್ಚಿಯಿಂದ ಎದ್ದು ನಿಂತೆವು. "ನಿಮ್ಮ ಕಡೆ ನೆಲ್ಲಿಗೆ ಎಣ್ಣೆ ಹೊಡೆಯುವಾಗ ಆಳುಗಳು ತಲೆತಿರುಗಿ ಬೀಳುವುದಿಲ್ಲವೆ? ಆ ಎಣ್ಣೆಯು ಮಾಡುವುದನ್ನೇ ಇದು ಬಹಳ ಮೆಲ್ಲಗೆ, ಅಳತೆಯಲ್ಲಿ ಮಾಡುವುದು" ಎಂದರು ಅವರು.

ವಿಷಯವು ಹೀಗಿದೆ. ಸಂದೇಶರಸವು ಸುದ್ದಿಯನ್ನು ಮುಟ್ಟಿಸಿದೊಡನೆ ಅದನ್ನು ಅಳಿಸಿಹಾಕಬೇಕು. ಇಲ್ಲವಾದರೆ ಒಂದೇ ಸುದ್ದಿಯು ಮತ್ತೆ ಮತ್ತೆ ಬಡಿಯುತ್ತಿರುವುದು. ಕರಿಹಲಗೆಯನ್ನು ಒರಸದೆ ಅದರ ಮೇಲೆಯೇ ಬರೆಯುತ್ತ ಹೋದಂತೆ. ಒರಸುವ ಕೆಲಸಕ್ಕೆ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವಿದೆ. ಅದರ ಒಂದೊಂದು ಕಣವೂ ಒಂದು ಸೆಕೆಂಡಿನಲ್ಲಿ ರಸದ ಸಾವಿರಾರು ಕಣಗಳನ್ನು ಮುರಿದುಹಾಕುವುದು. ರಸವೇ ಕಡಮೆಯಿರುವ ಮೆದುಳಿನಲ್ಲಿ ಒರಸುವವನ ಕೈಯನ್ನು ಸ್ವಲ್ಪ ಹಿಡಿದರೆ, ಇದ್ದಷ್ಟು ರಸವಾದರೂ ಹೆಚ್ಚು ಹೊತ್ತು ನಿಂತೀತು. ಡೊನೆಪೆಜಿಲ್ ಮಾಡುವುದು ಇದನ್ನೇ. ಇದನ್ನು ಕಂಡುಹಿಡಿದವರು ಜಪಾನಿನ ಸುಗಿಮೊಟೊ ಹಾಚಿರೊ ಎಂಬವರು. ಮರೆವಿನ ರೋಗವು ಅವರ ತಾಯಿಗೇ ಬಂದಿತ್ತಂತೆ. ೧೯೯೬ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆಯು ದೊರೆಯಿತು. ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಎಂಬವು ಇದರ ಬಂಧುಗಳು. ಇವು ಯಾವುವೂ ರೋಗವನ್ನು ಗುಣಪಡಿಸವು, ಸಾಯುವ ನರಕಣಗಳನ್ನು ಉಳಿಸವು. ಕೆಲವರಲ್ಲಿ ಕೆಲವು ಕಾಲ ಹಿಡಿತವನ್ನು ಕಾಯ್ದುಕೊಡುವುವು. ಕೆಲವರಿಗೆ ಹೊಟ್ಟೆ ತೊಳಸಿ ಭೇದಿಯಾಗುವುದುಂಟು, ನಾಡಿಯು ನಿಧಾನವಾಗಿ ತಲೆತಿರುಗುವುದುಂಟು.

ಈಗ ನಮ್ಮ ಸುತ್ತಣ ಗದ್ದೆಗಳಿಗೆ ಬರೋಣ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದಂದಿನಿಂದ ಕಾರಟಗಿ, ಗಂಗಾವತಿಗಳ ಸೀಮೆಯು ನೆಲ್ಲಿನ ಕಣಜವಾಗಿದೆ. ನೆಲ್ಲಿಗೆ ಕಾಂಡ ಕೊರೆಯುವ ಹುಳು, ಜಿಗಿಹುಳುಗಳ ಕಾಟವುಂಟು, ಹುಳಕ್ಕೆ ಎಣ್ಣೆಯುಂಟು. ಕ್ಲೋರ್‌ಪೈರಿಫಾಸ್, ಅಸಿಫೇಟ್, ಮೊನೊಕ್ರೊಟೊಫಾಸ್ ಮೊದಲಾದ ಒಂದು ದೊಡ್ಡ ಗುಂಪಿನ ಎಣ್ಣೆಗಳು ಹುಳುವಿನ ದೇಹದಲ್ಲಿ ಒರಸುವ ಆ ಕಿಣ್ವವನ್ನೇ ಕಟ್ಟಿಹಾಕಿ ಕೊಲ್ಲುವುವು. ಹುಳುವಿನ ಕಿಣ್ವಕ್ಕೂ ಮನುಷ್ಯನ ಕಿಣ್ವಕ್ಕೂ ಎಣ್ಣೆಯು ಭೇದವೆಣಿಸದು. ಬೆನ್ನಿಗೆ ಪಂಪನ್ನು ಕಟ್ಟಿಕೊಂಡು, ಬರಿಗಾಲಿನಲ್ಲಿ, ಮೂಗಿಗೆ ಒಂದು ಟವೆಲ್ಲನ್ನೂ ಸುತ್ತಿಕೊಳ್ಳದೆ, ಗಾಳಿಗೆ ಎದುರಾಗಿ ಹೊಡೆಯುವ ಆಳಿನ ಚರ್ಮದಿಂದಲೂ ಉಸಿರಿನಿಂದಲೂ ಅದು ಒಳಹೊಗುವುದು. ಆಗಿನ ಲಕ್ಷಣಗಳು ದತ್ತೂರಿಯ ಲಕ್ಷಣಗಳಿಗೆ ಕನ್ನಡಿಯಲ್ಲಿ ತಿರುಗಿಸಿದಂತೆ ವಿರುದ್ಧ: ಪಾಪೆಯು ಸೂಜಿಮೊನೆಯಷ್ಟಾಗುವುದು, ಜೊಲ್ಲು, ಬೆವರು, ಕಣ್ಣೀರು ಸುರಿಯುವುವು, ವಾಂತಿ, ಭೇದಿ, ಎದೆಯಲ್ಲಿ ಕಫವು ಗೊರಗೊರ ಎನ್ನುವುದು, ಸ್ನಾಯುಗಳು ಅದುರಿ, ಆಮೇಲೆ ಸೋತು, ಕಡೆಗೆ ಉಸಿರೇ ನಿಲ್ಲುವುದು.

ಇದರ ಕ್ರೌರ್ಯವನ್ನು ಕನ್ನಡನಾಡು ೨೦೧೮ರ ಡಿಸೆಂಬರ್ ೧೪ರಂದು ಕಂಡಿತು. ಚಾಮರಾಜನಗರ ಜಿಲ್ಲೆಯ ಸುಳವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಗುಡಿಯ ಪ್ರಸಾದದಲ್ಲಿ ಮೊನೊಕ್ರೊಟೊಫಾಸ್ ಬೆರೆತು, ೧೭ ಜನರು ಪ್ರಾಣಬಿಟ್ಟರು. ನೂರಕ್ಕೂ ಹೆಚ್ಚು ಜನರು ಆಸ್ಪತ್ರೆಗಳನ್ನು ಸೇರಿದರು. ಅದಕ್ಕೂ ಹಿಂದೆ, ೧೯೫೮ರಲ್ಲಿ, ಕೇರಳದಲ್ಲಿ ಗೋಧಿಹಿಟ್ಟಿಗೆ ಪ್ಯಾರಾಥಿಯಾನ್ ಎಂಬ ಇದೇ ಜಾತಿಯ ವಿಷವು ತಗುಲಿ ನೂರಕ್ಕೂ ಮಿಕ್ಕು ಜನರು ಸತ್ತಿದ್ದರು. ೧೯೬೮ರ ಕೀಟನಾಶಕಗಳ ಕಾಯಿದೆಗೆ ಆ ದುರಂತವೇ ಮೂಲ. ಇಂತಹವರಿಗೆ ಆಸ್ಪತ್ರೆಯಲ್ಲಿ ಮೊದಲು ಕೊಡುವ ಮದ್ದು ಯಾವುದು ಗೊತ್ತೆ? ಅಟ್ರೊಪಿನ್. ದತ್ತೂರಿಯ ಸತ್ವ! ಉಕ್ಕಿ ಹರಿಯುವ ರಸಕ್ಕೆ ಬೀಗಗಳನ್ನು ಮುಚ್ಚಿದರೆ ಕಫವು ಒಣಗಿ ಉಸಿರು ತೆರೆಯುವುದು. ಯುಕ್ತಿಯಿಂದ ಬಳಸಿದರೆ ತೀಕ್ಷ್ಣವಾದ ವಿಷವೂ ಉತ್ತಮ ಔಷಧವಾಗುವುದೆಂದು ಚರಕಾಚಾರ್ಯರು ಹೇಳಿದುದನ್ನು ನಾವು ಅಲಂಕಾರದ ಮಾತೆಂದು ತಿಳಿದಿದ್ದೆವು.

ಗದ್ದೆಯಿರುವ ಗೃಹಸ್ಥರು ಇಷ್ಟನ್ನು ಮಾತ್ರ ನೆನಪಿಡಬೇಕು. ಎಣ್ಣೆ ಹೊಡೆಯುತ್ತಿದ್ದ ಆಳು ಬಿದ್ದರೆ ಗದ್ದೆಯಿಂದ ಆಚೆಗೆ ತಂದು, ಮೈಮೇಲಿನ ಬಟ್ಟೆಯನ್ನೆಲ್ಲ ತೆಗೆದು, ಸಾಬೂನು ಹಚ್ಚಿ ನೀರಿನಿಂದ ತೊಳೆಯಬೇಕು. ತೊಳೆಯುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು. ಬಾಯಿಗೆ ಬೆರಳಿಟ್ಟು ವಾಂತಿ ಮಾಡಿಸಬಾರದು. ಹುಣಸೆನೀರು, ಮಜ್ಜಿಗೆಗಳನ್ನು ಹೊಯ್ಯಬಾರದು. ೧೦೮ಕ್ಕೆ ಕರೆಮಾಡಿ, ಎಣ್ಣೆಯ ಡಬ್ಬಿಯನ್ನು ಜೊತೆಗೇ ಒಯ್ಯಬೇಕು. ಒಂದು ದಿನದ ಮೇಲೆ ಗುಣವಾದಂತೆ ಕಂಡರೂ, ನಾಲ್ಕು ದಿನಗಳೊಳಗೆ ಕತ್ತಿನ ಮತ್ತು ಉಸಿರಿನ ಸ್ನಾಯುಗಳು ಹಠಾತ್ತಾಗಿ ಸೋಲುವುದುಂಟು. ಆದುದರಿಂದ ವೈದ್ಯರು ಬಿಡುವವರೆಗೆ, "ಕೂಲಿ ಹೋಗುತ್ತದೆ" ಎಂದು ಆಸ್ಪತ್ರೆಯಿಂದ ಬಿಡಿಸಿ ತರಬಾರದು. ಖಾಲಿ ಡಬ್ಬಿಗಳನ್ನು ತೊಳೆದು ಅಡಿಗೆಯ ಎಣ್ಣೆ ತುಂಬುವ ಮನೆಗಳನ್ನು ನಾವೇ ನೋಡಿದ್ದೇವೆ. ಏನು ಹೇಳೋಣ!

ಇದೇ ರಸವು ಕೆಡುವ ಬೇರೆ ರೋಗಗಳೂ ಉಂಟು. ರೆಪ್ಪೆಗಳು ಸಂಜೆಯಾದಂತೆ ಜೋತುಬೀಳುವ, ಅಗಿಯುವಾಗ ದವಡೆ ಸೋಲುವ ಮಯಸ್ತೇನಿಯ ಎಂಬ ರೋಗದಲ್ಲಿ ದೇಹವೇ ತನ್ನ ಸ್ನಾಯುಗಳ ಬೀಗಗಳನ್ನು ಮುರಿದುಹಾಕುವುದು. ೧೯೩೪ರಲ್ಲಿ ಇಂಗ್ಲೆಂಡಿನ ಮೇರಿ ವಾಕರ್ ಎಂಬ ವೈದ್ಯೆಯು, ಒರಸುವ ಕಿಣ್ವವನ್ನು ತಡೆಯುವ ಮದ್ದನ್ನು ಇಂತಹ ರೋಗಿಗೆ ಚುಚ್ಚಿ, ಬಿದ್ದ ರೆಪ್ಪೆಗಳು ಮೇಲೇಳುವುದನ್ನು ತೋರಿಸಿದಳು. ಆ ಮದ್ದು ಪಶ್ಚಿಮ ಆಫ್ರಿಕದಲ್ಲಿ ಅಪರಾಧಿಗಳ ಸತ್ಯಪರೀಕ್ಷೆಗೆ ತಿನ್ನಿಸುತ್ತಿದ್ದ ಒಂದು ವಿಷದ ಬೀಜದಿಂದ ಬಂದುದು. ಇನ್ನು ಕೈನಡುಗುವ ಪಾರ್ಕಿನ್ಸನ್ ರೋಗದಲ್ಲಿ ಡೋಪಮಿನ್ ಎಂಬ ಇನ್ನೊಂದು ರಸವು ಬತ್ತಿ, ನಮ್ಮ ರಸದ ಕೈ ಮೇಲಾಗುವುದು. ಅಲ್ಲಿ ನಡುಕಕ್ಕೆ ಬೀಗ ಮುಚ್ಚುವ ಗುಳಿಗೆಯನ್ನೇ ಕೊಡುವ ವಾಡಿಕೆಯುಂಟು. ತರುಣರು ತಾಳಿಕೊಳ್ಳುವರು, ವೃದ್ಧರಿಗೆ ಮತಿವಿಕಾರವಾದೀತು.

ಮತ್ತೆ ಗುಳಿಗೆಯ ಚೀಲಕ್ಕೆ ಬರುತ್ತೇವೆ. ಏಕೆಂದರೆ ನಮ್ಮ ಮನೆಯಲ್ಲಿ ಆದ ಕೇಡು ತಪ್ಪಿಸಬಹುದಾದುದಾಗಿತ್ತು. ಅಮೆರಿಕದ ಸಿಯಾಟಲ್ ನಗರದಲ್ಲಿ ಅರವತ್ತೈದು ದಾಟಿದ ೩,೪೩೪ ಜನರನ್ನು ಸರಾಸರಿ ಏಳು ವರ್ಷ ಗಮನಿಸಿ ೨೦೧೫ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬೀಗ ಮುಚ್ಚುವ 
ಗುಳಿಗೆಗಳನ್ನು ವರ್ಷಗಟ್ಟಲೆ ಹೆಚ್ಚು ಸೇವಿಸಿದವರಲ್ಲಿ ಮರೆವಿನ ರೋಗವು ಹೆಚ್ಚಾಗಿ ಕಂಡಿತು. ಗುಳಿಗೆಯಿಂದಲೇ ರೋಗ ಬಂದಿತೆಂದು ಇದರಿಂದ ಸಿದ್ಧವಾಗದು. ಎಚ್ಚರಕ್ಕೆ ಮಾತ್ರ ಸಾಲುವುದು. ಮನೆಯಲ್ಲಿ ನೋಡಿಕೊಳ್ಳತಕ್ಕವು ಇವು: ನೆಗಡಿ, ತುರಿಕೆಗಳ ಹಳೆಯ ಕಾಲದ ನಿದ್ದೆ ಬರಿಸುವ ಗುಳಿಗೆಗಳು, ಕ್ಲೋರ್‌ಫೆನಿರಮಿನ್ ಮತ್ತು ಹೈಡ್ರಾಕ್ಸಿಜಿನ್ ಎಂಬ ಹೆಸರುಳ್ಳವು, ಹೊಟ್ಟೆನುಲಿತದ ಡೈಸೈಕ್ಲೊಮಿನ್, ಮೂತ್ರದ ಆಕ್ಸಿಬ್ಯುಟಿನಿನ್, ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್. ಇವೆಲ್ಲ ಕೆಟ್ಟ ಔಷಧಗಳಲ್ಲ. ವೈದ್ಯರು ಬರೆದುಕೊಟ್ಟುದನ್ನು ಈ ಲೇಖನವನ್ನು ಓದಿ ಒಮ್ಮೆಗೇ ಬಿಡಿಸಲೂ ಬಾರದು. ಚೀಲವನ್ನು ಹಿಡಿದು ವೈದ್ಯರ ಬಳಿಗೆ ಹೋಗಿ ಕೇಳಬೇಕು. ನಾವು ಹೋಗಿದ್ದರೆ ಆ ರಾತ್ರಿಯು ಇರುತ್ತಿರಲಿಲ್ಲ.

ಗಾದೆಯ ಲೆಕ್ಕವನ್ನೂ ತೀರಿಸಿಬಿಡೋಣ. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ೭.೪ರಂತೆ, ಸುಮಾರು ೮೮ ಲಕ್ಷ ಜನರಿಗೆ ಮರೆವಿನ ರೋಗವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ಗಣನೆಯು ಹೇಳುವುದು. ಅಂದರೆ ನೂರರಲ್ಲಿ ತೊಂಬತ್ತೆರಡು ಜನರಿಗೆ ಇಲ್ಲ. ನಾವು ಆ ತೊಂಬತ್ತೆರಡರಲ್ಲಿ ಸೇರಿದವರೆಂದು ಸದ್ಯಕ್ಕೆ ಮೊಮ್ಮಕ್ಕಳಿಗೆ ಹೇಳಿದ್ದೇವೆ, ಅವರು ಒಪ್ಪಿಲ್ಲ.

ಅಕ್ಕನವರು ಗುಳಿಗೆ ನುಂಗಲು ತೊಡಗಿ ಎಂಟು ತಿಂಗಳಾಯಿತು. ಹಾಲನ್ನು ಒಲೆಯ ಮೇಲಿಡಲು ಈಗಲೂ ಬಿಡುವುದಿಲ್ಲ. ಆದರೆ ಹೂ ಕಟ್ಟುವರು, ಸೊಪ್ಪು ಸೋಸುವರು, ನೆರೆಯ ಕೂಸಿನ ಹೆಸರನ್ನು ಹತ್ತರಲ್ಲಿ ಐದು ಸಲವಾದರೂ ಸರಿಯಾಗಿ ಕರೆಯುವರು. ಮೊನ್ನೆ ಕಾಲುವೆಗೆ ನೀರು ಬಿಟ್ಟ ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು, "ತಮ್ಮಾ, ಕಾಲುವಿಗೆ ನೀರ ಬಂತೇನೋ?" ಎಂದು ಕೇಳಿದರು. "ಬಂತಕ್ಕಾ" ಎಂದೆವು. ಮಧ್ಯಾಹ್ನದೊಳಗೆ ಇನ್ನೂ ಆರು ಸಲ ಕೇಳಿದರು. ಆರು ಸಲವೂ ಬಂತೆಂದೆವು. ಏಳನೆಯ ಸಲ ಅವರು ಕೇಳಲಿಲ್ಲ. "ನೀರ ಬಂದೈತಂತಲ್ಲ, ಸಸಿ ಹಚ್ಚಾಕ ಆಳು ಹೇಳೀಯೇನು?" ಎಂದರು.